ಟೆಸ್ಟ್ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಂಡರೆ ಸಾಕೇ? ಅಮೆರಿಕದ ಶಾಲೆಗಳಲ್ಲಿ ರಾಜ್ಯ ಪರೀಕ್ಷೆಯಿಂದ ಹೊರಗುಳಿಯುವ ಕ್ರಮ

ಮಾರ್ಚ್ ಹತ್ತಿರವಾದಂತೆ ಅಮೆರಿಕದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ: "ಸ್ಟೇಟ್ ಟೆಸ್ಟ್ ಇರುವ ದಿನ ಮಗುವನ್ನು ಸ್ಕೂಲಿಗೆ ಕಳಿಸದೆ ಮನೆಯಲ್ಲೇ ಇಟ್ಟುಕೊಂಡರೆ ಆಗುತ್ತಾ?"

ಇಟ್ಟುಕೊಳ್ಳಬಹುದು, ಆದರೆ ಅಷ್ಟರಿಂದ ಕೆಲಸ ಆಗುವುದಿಲ್ಲ. ಪರೀಕ್ಷೆ ಒಂದು ದಿನಕ್ಕೆ ಮುಗಿಯುವುದಿಲ್ಲ, ವಾರಗಟ್ಟಲೆ ತೆರೆದಿರುತ್ತದೆ. ಗೈರಾದ ಮಕ್ಕಳಿಗಾಗಿ ಶಾಲೆ ಮೇಕಪ್ ದಿನಗಳನ್ನು, ಅಂದರೆ ತಪ್ಪಿದ ಪರೀಕ್ಷೆಯನ್ನು ಮತ್ತೆ ಬರೆಸುವ ದಿನಗಳನ್ನು, ಮೊದಲೇ ಗೊತ್ತುಮಾಡಿರುತ್ತದೆ. ಸೋಮವಾರ ನೀವು ಮಗುವನ್ನು ಮನೆಯಲ್ಲಿ ಉಳಿಸಿಕೊಂಡರೆ ಬುಧವಾರ ಅದನ್ನು ಲೈಬ್ರರಿಗೆ ಕರೆದು ಅದೇ ಪರೀಕ್ಷೆಗೆ ಕೂರಿಸುತ್ತಾರೆ. ಇದರಲ್ಲಿ ಶಾಲೆಯ ತಪ್ಪೇನಿಲ್ಲ. ಮಗುವಿಗೆ ಪರೀಕ್ಷೆ ಬೇಡ ಎಂದು ನೀವು ಅವರಿಗೆ ಹೇಳಿಯೇ ಇಲ್ಲವಲ್ಲ. ಗೈರುಹಾಜರಿ ಬೇರೆ, ಪರೀಕ್ಷೆಯನ್ನು ನಿರಾಕರಿಸುವುದು ಬೇರೆ. ನಿರಾಕರಿಸಲು ಬೇಕಾದದ್ದು ಒಂದು ಪತ್ರ, ಮತ್ತು ಆ ಪತ್ರಕ್ಕೆ ನಿಮ್ಮ ರಾಜ್ಯದಲ್ಲಿ ಎಷ್ಟು ಬೆಲೆ ಇದೆ ಎಂಬ ತಿಳಿವಳಿಕೆ.

ಕನ್ನಡಿಗರು ಹೆಚ್ಚಾಗಿರುವ ಕ್ಯಾಲಿಫೋರ್ನಿಯಾವನ್ನು ಇಲ್ಲಿ ವಿವರವಾಗಿ ತೆಗೆದುಕೊಂಡಿದ್ದೇವೆ. ಬೇರೆ ಕೆಲವು ರಾಜ್ಯಗಳ ನಿಯಮ 2ನೇ ಹಂತದಲ್ಲಿದೆ. ಪತ್ರ, ಶಾಲೆಯೊಡನೆ ಮಾತು, ಮಗುವಿನ ತಯಾರಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

ಇದು ಯಾವ ಬಗೆಯ ಪರೀಕ್ಷೆ

ಇದನ್ನು ನಮ್ಮೂರಿನ ವಾರ್ಷಿಕ ಪರೀಕ್ಷೆಯಂತೆ ನೋಡಬೇಡಿ. ಅಲ್ಲಿ ಪರೀಕ್ಷೆ ಬರೆಯದಿದ್ದರೆ ಮಗುವಿನ ವರ್ಷದ ಗತಿಯೇನು ಎಂಬ ಚಿಂತೆ ಹತ್ತುತ್ತದೆ. ಊರಿನಿಂದ ಬಂದ ಅಜ್ಜಿ ತಾತ "ಪರೀಕ್ಷೆಗೇ ಕಳಿಸಲ್ವಾ?" ಎಂದು ಗಾಬರಿಯಾಗುವುದು ಅದಕ್ಕೇ. ಅಮೆರಿಕದ ರಾಜ್ಯ ಪರೀಕ್ಷೆಯ ಮುಖ್ಯ ಉದ್ದೇಶ ಶಾಲೆಯನ್ನು ಅಳೆಯುವುದು. 2015ರ ಡಿಸೆಂಬರ್‌ನಲ್ಲಿ ಬಂದ 'ಎವೆರಿ ಸ್ಟೂಡೆಂಟ್ ಸಕ್ಸೀಡ್ಸ್ ಆಕ್ಟ್' ಎಂಬ ಕೇಂದ್ರ ಕಾನೂನಿನ ಪ್ರಕಾರ ಪ್ರತಿ ರಾಜ್ಯವೂ 3ರಿಂದ 8ನೇ ತರಗತಿವರೆಗೆ ಪ್ರತಿ ವರ್ಷ, ಹೈಸ್ಕೂಲಿನಲ್ಲಿ ಒಂದು ಸಲ, ಇಂಗ್ಲಿಷ್ ಮತ್ತು ಗಣಿತದ ಪರೀಕ್ಷೆ ನಡೆಸಬೇಕು. ವಿಜ್ಞಾನದ ಪರೀಕ್ಷೆ ಇಡೀ ಶಾಲಾ ಜೀವನದಲ್ಲಿ ಮೂರು ಸಲ. ಕನಿಷ್ಠ ಶೇ. 95ರಷ್ಟು ಮಕ್ಕಳು ಪರೀಕ್ಷೆಗೆ ಕೂರಬೇಕೆಂದೂ ಅದೇ ಕಾನೂನು ಹೇಳುತ್ತದೆ. ಈ 95ನ್ನು ನೆನಪಿನಲ್ಲಿಡಿ, ಶಾಲೆಯಿಂದ ಬರುವ ಫೋನಿನಲ್ಲಿ ಇದೇ ಅಂಕೆ ಕೇಳಿಸುತ್ತದೆ.

ಮಗು ಪರೀಕ್ಷೆಗೆ ಕೂರಲೇಬೇಕು ಅಥವಾ ಕೂರಬೇಕಿಲ್ಲ ಎಂದು ಕೇಂದ್ರ ಕಾನೂನು ಪೋಷಕರಿಗೆ ಹೇಳುವುದಿಲ್ಲ. ಅದನ್ನು ರಾಜ್ಯಗಳಿಗೆ ಬಿಟ್ಟಿದೆ. ಆದ್ದರಿಂದ ಟೆಕ್ಸಸ್‌ನಲ್ಲಿರುವ ಗೆಳತಿ ಕೊಟ್ಟ ಸಲಹೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಡೆಯುವುದಿಲ್ಲ, ಫ್ರೀಮಾಂಟ್‌ನ ಪತ್ರ ಟೆಕ್ಸಸ್‌ನಲ್ಲಿ ನಡೆಯುವುದಿಲ್ಲ.

ಹಂತ 1: ಪರೀಕ್ಷೆಯ ಸರಿಯಾದ ಹೆಸರು ತಿಳಿದುಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ. "ಮಗುವಿಗೆ ಯಾವ ಟೆಸ್ಟೂ ಬೇಡ" ಎಂದು ಬರೆದ ಪತ್ರ ಅರ್ಧ ಕೆಲಸ ಮಾಡುತ್ತದೆ. ವರ್ಷದಲ್ಲಿ ಶಾಲೆ ನಡೆಸುವ ಪರೀಕ್ಷೆಗಳು ನಾಲ್ಕೈದು ಬಗೆಯವು, ಒಂದೊಂದಕ್ಕೂ ಒಂದೊಂದು ನಿಯಮ. ಜನವರಿಯಲ್ಲೇ ಶಾಲೆಯ ಕಚೇರಿಗೆ ಮೇಲ್ ಹಾಕಿ, ನಿಮ್ಮ ಮಗುವಿನ ತರಗತಿಗೆ ಈ ವರ್ಷ ಯಾವ ಯಾವ ಪರೀಕ್ಷೆ, ಯಾವ ದಿನ, ಮೇಕಪ್ ಯಾವಾಗ ಎಂದು ಕೇಳಿ. ಉತ್ತರ ಬಂದಮೇಲೆ ಹೀಗೆ ವಿಂಗಡಿಸಿ.

ರಾಜ್ಯ ಪರೀಕ್ಷೆ. ಕ್ಯಾಲಿಫೋರ್ನಿಯಾದಲ್ಲಿ ಇದರ ಒಟ್ಟು ಹೆಸರು ಕ್ಯಾಸ್ಪ್. ಇದರಡಿ ಇಂಗ್ಲಿಷ್ ಮತ್ತು ಗಣಿತಕ್ಕೆ 'ಸ್ಮಾರ್ಟರ್ ಬ್ಯಾಲೆನ್ಸ್ಡ್' ಪರೀಕ್ಷೆ, 3ರಿಂದ 8 ಮತ್ತು 11ನೇ ತರಗತಿಗೆ. ವಿಜ್ಞಾನಕ್ಕೆ 'ಕ್ಯಾಸ್ಟ್', 5 ಮತ್ತು 8ನೇ ತರಗತಿಯಲ್ಲಿ ಹಾಗೂ ಹೈಸ್ಕೂಲಿನಲ್ಲಿ ಒಮ್ಮೆ. ಸ್ಮಾರ್ಟರ್ ಬ್ಯಾಲೆನ್ಸ್ಡ್‌ನ ಪ್ರತಿ ವಿಷಯದಲ್ಲೂ ಎರಡು ಭಾಗ. ಮೊದಲನೆಯದು ಮಗುವಿನ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆಯನ್ನು ಸುಲಭವೋ ಕಷ್ಟವೋ ಮಾಡುವ ಕಂಪ್ಯೂಟರ್ ಪರೀಕ್ಷೆ. ಎರಡನೆಯದು 'ಪರ್ಫಾರ್ಮೆನ್ಸ್ ಟಾಸ್ಕ್', ಒಂದೇ ವಿಷಯದ ಸುತ್ತ ಬಿಡಿಸಿ ಬರೆಯುವ ದೊಡ್ಡ ಪ್ರಶ್ನೆ. ಇವು ಬೇರೆ ಬೇರೆ ದಿನ ನಡೆಯುವುದರಿಂದ ಮಗುವಿನ ತರಗತಿಗೆ ನಾಲ್ಕೈದು ಬೆಳಗಿನ ಹೊತ್ತಾದರೂ ಪರೀಕ್ಷೆ ಇರುತ್ತದೆ.

ಇಂಗ್ಲಿಷ್ ಕಲಿಕೆಯ ಪರೀಕ್ಷೆ. ಕ್ಯಾಲಿಫೋರ್ನಿಯಾದಲ್ಲಿ ಇದು 'ಎಲ್‌ಪ್ಯಾಕ್'. ಕನ್ನಡದ ಮನೆಗಳಿಗೆ ತುಂಬ ಹತ್ತಿರದ ವಿಷಯವಾದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಶಾಲೆಗೆ ಸೇರಿಸುವಾಗ 'ಹೋಮ್ ಲ್ಯಾಂಗ್ವೇಜ್ ಸರ್ವೆ' ಎಂಬ ಹಾಳೆ ತುಂಬಿರುತ್ತೀರಿ. ಅದರಲ್ಲಿ ನಾಲ್ಕು ಪ್ರಶ್ನೆ: ಮಗು ಮೊದಲು ಮಾತಾಡಿದ್ದು ಯಾವ ಭಾಷೆ, ಮನೆಯಲ್ಲಿ ಹೆಚ್ಚು ಆಡುವುದು ಯಾವುದು, ನೀವು ಮಗುವಿನೊಡನೆ ಆಡುವುದು ಯಾವುದು, ಮನೆಯ ದೊಡ್ಡವರು ಆಡುವುದು ಯಾವುದು. ಮೊದಲ ಮೂರರಲ್ಲಿ ಯಾವುದಕ್ಕಾದರೂ 'ಕನ್ನಡ' ಎಂದು ಬರೆದಿದ್ದರೆ, ಶಾಲೆ ಸೇರಿದ 30 ದಿನದೊಳಗೆ ಮಗುವಿಗೆ ಇನಿಶಿಯಲ್ ಎಲ್‌ಪ್ಯಾಕ್ ಮಾಡಬೇಕು. ಅದರಲ್ಲಿ ಇಂಗ್ಲಿಷ್ ಚೆನ್ನಾಗಿದೆ ಎಂದು ಬಂದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಮಗು 'ಇಂಗ್ಲಿಷ್ ಲರ್ನರ್' ಪಟ್ಟಿಗೆ ಸೇರುತ್ತದೆ, ಪ್ರತಿ ವರ್ಷ ಫೆಬ್ರವರಿ 1ರಿಂದ ಮೇ 31ರೊಳಗೆ ಸಮ್ಮೇಟಿವ್ ಎಲ್‌ಪ್ಯಾಕ್ ಬರೆಯುತ್ತದೆ.

ಎಲ್‌ಪ್ಯಾಕ್‌ನಿಂದ ಹೊರಗುಳಿಯಲು ಅವಕಾಶವಿಲ್ಲ. ಕ್ಯಾಸ್ಪ್‌ಗೆ ಕೊಡುವ ಪತ್ರ ಇದಕ್ಕೆ ಅನ್ವಯಿಸುವುದಿಲ್ಲ. ಆ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಂಡರೆ ನಷ್ಟ ನಿಮ್ಮದೇ: ಅಂಕವಿಲ್ಲದೆ ಮಗು ಇಂಗ್ಲಿಷ್ ಲರ್ನರ್ ಪಟ್ಟಿಯಿಂದ ಹೊರಬರುವಂತಿಲ್ಲ, ಇನ್ನೊಂದು ವರ್ಷ ಅಲ್ಲೇ ಉಳಿಯುತ್ತದೆ. ಈ ತಾಪತ್ರಯ ಬೇಡವೆಂದು ಸರ್ವೆಯಲ್ಲಿ ಕನ್ನಡದ ಹೆಸರನ್ನೇ ಎತ್ತದೆ 'ಇಂಗ್ಲಿಷ್' ಎಂದು ಬರೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇದ್ದದ್ದನ್ನು ಇದ್ದಂತೆ ಬರೆಯಿರಿ. ಮನೆಯಲ್ಲಿ ಕನ್ನಡ ಆಡುವುದು ಮರೆಮಾಚುವ ವಿಷಯವಲ್ಲ, ಇಂಗ್ಲಿಷ್ ಬಲ್ಲ ಮಗುವಿಗೆ ಮೊದಲ ಪರೀಕ್ಷೆಯಲ್ಲೇ ಆ ಮಾತು ಇತ್ಯರ್ಥವಾಗುತ್ತದೆ. ಒಮ್ಮೆ ಇನಿಶಿಯಲ್ ಪರೀಕ್ಷೆ ಮುಗಿದ ಮೇಲೆ ಸರ್ವೆ ತಿದ್ದಿದರೂ ಮಗುವಿನ ವರ್ಗ ಬದಲಾಗುವುದಿಲ್ಲ ಎಂಬುದೂ ಗೊತ್ತಿರಲಿ.

ಬೇರೆ ರಾಜ್ಯಗಳಲ್ಲಿ ಇದೇ ಪರೀಕ್ಷೆಗೆ ಬೇರೆ ಹೆಸರು. ನ್ಯೂಜೆರ್ಸಿ, ಇಲಿನಾಯ್, ವಾಷಿಂಗ್ಟನ್ ಮುಂತಾದ ಕಡೆ 'ವಿಡಾ', ಟೆಕ್ಸಸ್‌ನಲ್ಲಿ 'ಟೆಲ್ಪಾಸ್'.

ಡಿಸ್ಟ್ರಿಕ್ಟ್ ಪರೀಕ್ಷೆ. ಐ-ರೆಡಿ, ಮ್ಯಾಪ್ ಎಂದು ವರ್ಷಕ್ಕೆ ಎರಡು ಮೂರು ಸಲ ಬರುವ ಇವು ರಾಜ್ಯದ ಪರೀಕ್ಷೆಗಳಲ್ಲ, ನಿಮ್ಮ ಡಿಸ್ಟ್ರಿಕ್ಟ್, ಅಂದರೆ ನಿಮ್ಮ ಭಾಗದ ಶಾಲೆಗಳನ್ನು ನಡೆಸುವ ಆಡಳಿತ, ತಾನೇ ತಂದದ್ದು. ರಾಜ್ಯದ ಕಾನೂನು ಹಿಡಿದು ಇವನ್ನು ಬಿಡಿಸಲಾಗುವುದಿಲ್ಲ. ಬಿಡಿಸುವ ಅಗತ್ಯವೂ ಕಡಿಮೆ. ಟೀಚರ್ ಪಾಠ ಹೊಂದಿಸುವುದು ಇವನ್ನು ನೋಡಿಯೇ.

ಡಿಪ್ಲೊಮಾಗೆ ಬೇಕಾದ ಪರೀಕ್ಷೆ. ಕೆಲವು ರಾಜ್ಯಗಳಲ್ಲಿ ಹೈಸ್ಕೂಲ್ ಮುಗಿಸಲು ನಿರ್ದಿಷ್ಟ ಪರೀಕ್ಷೆ ಪಾಸಾಗಲೇಬೇಕು. ಇವುಗಳ ತಂಟೆಗೆ ಹೋಗಬೇಡಿ.

ಕೊನೆಯದಾಗಿ 'ನೇಪ್' ಎಂಬ ರಾಷ್ಟ್ರೀಯ ಸಮೀಕ್ಷೆ. ಆಯ್ದ ಶಾಲೆಗಳಲ್ಲಿ 4, 8, 12ನೇ ತರಗತಿಯ ಕೆಲವು ಮಕ್ಕಳಿಗೆ ಮಾತ್ರ. ಮಕ್ಕಳು ಇದರಲ್ಲಿ ಭಾಗವಹಿಸುವುದು ಕಾನೂನಿನ ಪ್ರಕಾರವೇ ಐಚ್ಛಿಕ, ಶಾಲೆಗೆ ಬರೆದು ತಿಳಿಸಿದರೆ ಸಾಕು.

ಹಂತ 2: ನಿಮ್ಮ ರಾಜ್ಯದ ಕಾನೂನು ನೋಡಿ

ಕ್ಯಾಲಿಫೋರ್ನಿಯಾದ ಎಜುಕೇಶನ್ ಕೋಡ್ ಸೆಕ್ಷನ್ 60615 ಸ್ಪಷ್ಟವಾಗಿದೆ: ಮಗುವನ್ನು ಪರೀಕ್ಷೆಯ ಯಾವುದೇ ಭಾಗದಿಂದ ಅಥವಾ ಎಲ್ಲ ಭಾಗಗಳಿಂದ ಬಿಡುವಂತೆ ಪೋಷಕರು ಬರವಣಿಗೆಯಲ್ಲಿ ಕೋರಿದರೆ ಶಾಲೆ ಅದನ್ನು ಒಪ್ಪಲೇಬೇಕು. ಕಾರಣ ಕೊಡಬೇಕಿಲ್ಲ. ಈ ಹಕ್ಕಿನ ಬಗ್ಗೆ ಡಿಸ್ಟ್ರಿಕ್ಟ್ ಪ್ರತಿ ವರ್ಷ ಪೋಷಕರಿಗೆ ತಿಳಿಸಲೂಬೇಕು. ಆಗಸ್ಟ್‌ನಲ್ಲಿ ನೀವು ಓದದೆ ಸಹಿ ಮಾಡಿದ ಹತ್ತಾರು ಪುಟಗಳ ಕಟ್ಟಿನಲ್ಲಿ ಆ ಸೂಚನೆ ಇರುವ ಸಾಧ್ಯತೆ ಹೆಚ್ಚು. ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಚಾರ್ಟರ್ ಶಾಲೆಗಳಿಗೂ ಈ ನಿಯಮ ಅನ್ವಯಿಸುತ್ತದೆ.

ಇದೇ ನಿಯಮಾವಳಿಯಲ್ಲಿ ಇನ್ನೊಂದು ಮಾತಿದೆ. ಶಾಲೆಯವರು ಪರೀಕ್ಷೆಯ ಬಗ್ಗೆ ನಿಮ್ಮೊಡನೆ ಮಾತಾಡಬಹುದು, ಆದರೆ ಹೊರಗುಳಿಯಿರಿ ಎಂದು ಪ್ರೇರೇಪಿಸುವಂತಿಲ್ಲ. ಆದ್ದರಿಂದ "ಬಿಡಿಸಲಾ, ಬೇಡವಾ?" ಎಂದು ಟೀಚರನ್ನು ಕೇಳಿ ಇಕ್ಕಟ್ಟಿಗೆ ಸಿಲುಕಿಸಬೇಡಿ. ಅವರು ಸುಮ್ಮನಿದ್ದರೆ ನಿಮ್ಮ ನಿರ್ಧಾರ ಇಷ್ಟವಿಲ್ಲವೆಂದು ಅರ್ಥವಲ್ಲ, ನಿಯಮಕ್ಕೆ ಕಟ್ಟುಬಿದ್ದಿದ್ದಾರೆ ಅಷ್ಟೇ.

ಆರೆಗನ್‌ನಲ್ಲಿ 2015ರ ಕಾನೂನು ಯಾವುದೇ ಕಾರಣ ಕೇಳದೆ ಹೊರಗುಳಿಯಲು ಬಿಡುತ್ತದೆ, ಪ್ರತಿ ವರ್ಷ ರಾಜ್ಯದ ಫಾರ್ಮ್ ತುಂಬಬೇಕು. ಯೂಟಾ ಮತ್ತು ಮಿನೆಸೋಟಾದಲ್ಲೂ ಅಧಿಕೃತ ಫಾರ್ಮ್ ಇದೆ. ಕೊಲರಾಡೊದಲ್ಲಿ 2015ರ ಕಾನೂನಿನಂತೆ ಪ್ರತಿ ಡಿಸ್ಟ್ರಿಕ್ಟೂ ಇದಕ್ಕೊಂದು ಲಿಖಿತ ನೀತಿ ಮಾಡಿಕೊಂಡಿರಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಬರೆದು ನಿರಾಕರಿಸಬಹುದು, ಆದರೆ ಹೈಸ್ಕೂಲಿನಲ್ಲಿ ಸ್ಮಾರ್ಟರ್ ಬ್ಯಾಲೆನ್ಸ್ಡ್ ಅಂಕ ಪದವಿ ಪಡೆಯುವ ದಾರಿಗಳಲ್ಲೊಂದು ಎಂಬುದು ನೆನಪಿರಲಿ.

ನ್ಯೂಯಾರ್ಕ್‌ನಲ್ಲಿ ಹೊರಗುಳಿಯುವ ಹಕ್ಕನ್ನು ಕೊಡುವ ಕಾನೂನಿಲ್ಲ. ಆದರೂ 3ರಿಂದ 8ನೇ ತರಗತಿಯ ಪರೀಕ್ಷೆಯನ್ನು ನಿರಾಕರಿಸುವ ರೂಢಿ ಗಟ್ಟಿಯಾಗಿದೆ, 2015ರಲ್ಲಿ ಸುಮಾರು ಐದರಲ್ಲಿ ಒಂದು ಮಗು ಬರೆಯಲಿಲ್ಲ. ಅಲ್ಲಿ 'ಆಪ್ಟ್ ಔಟ್' ಎನ್ನದೆ 'ರೆಫ್ಯೂಸಲ್' ಎನ್ನುತ್ತಾರೆ, ಪತ್ರದಲ್ಲೂ ಅದೇ ಪದ ಬಳಸಿ. ಹೈಸ್ಕೂಲಿನ ರೀಜೆಂಟ್ಸ್ ಪರೀಕ್ಷೆ ಡಿಪ್ಲೊಮಾಗೆ ಸಂಬಂಧಿಸಿದ್ದು, ಅದನ್ನು ಇದರೊಡನೆ ಸೇರಿಸಬೇಡಿ. ನ್ಯೂಜೆರ್ಸಿಯಲ್ಲೂ ರಾಜ್ಯದ ಕಾನೂನಿಲ್ಲ, ಡಿಸ್ಟ್ರಿಕ್ಟಿನಿಂದ ಡಿಸ್ಟ್ರಿಕ್ಟಿಗೆ ನಡವಳಿಕೆ ಬೇರೆ. 11ನೇ ತರಗತಿಯ ಪದವಿ ಪರೀಕ್ಷೆಯ ಬಗ್ಗೆ ಕೌನ್ಸೆಲರ್ ಬಳಿ ಮಾತಾಡದೆ ಏನೂ ಮಾಡಬೇಡಿ.

ಪೆನ್ಸಿಲ್ವೇನಿಯಾದ ಕ್ರಮ ವಿಶೇಷ. ಧಾರ್ಮಿಕ ನಂಬಿಕೆಗೆ ವಿರುದ್ಧ ಎಂಬ ಕಾರಣಕ್ಕೆ ಮಾತ್ರ ಅವಕಾಶ. ಪರೀಕ್ಷೆಗೆ ಮುಂಚಿನ ಎರಡು ವಾರಗಳಲ್ಲಿ ನೀವೇ ಶಾಲೆಗೆ ಹೋಗಿ, ಗೋಪ್ಯತೆಯ ಪತ್ರಕ್ಕೆ ಸಹಿ ಹಾಕಿ, ಪ್ರಶ್ನೆಗಳನ್ನು ನೋಡಿ, ಆಮೇಲೆ ಡಿಸ್ಟ್ರಿಕ್ಟಿನ ಮುಖ್ಯಸ್ಥರಾದ ಸೂಪರಿಂಟೆಂಡೆಂಟರಿಗೆ ಬರೆಯಬೇಕು. ನಿಜವಾಗಿ ಆ ಕಾರಣವಿಲ್ಲದಿದ್ದರೆ ದೇವರ ಹೆಸರು ಹೇಳಿ ಬರೆಯಬೇಡಿ.

ಟೆಕ್ಸಸ್ ಮತ್ತು ಫ್ಲಾರಿಡಾದಲ್ಲಿ ದಾರಿ ಮುಚ್ಚಿದೆ. ಟೆಕ್ಸಸ್ ಎಜುಕೇಶನ್ ಕೋಡಿನ 26.010 ಸೆಕ್ಷನ್, ಪರೀಕ್ಷೆ ತಪ್ಪಿಸುವುದಕ್ಕಾಗಿ ಮಗುವನ್ನು ತರಗತಿಯಿಂದ ತೆಗೆಯುವ ಹಕ್ಕು ಪೋಷಕರಿಗಿಲ್ಲ ಎಂದೇ ಹೇಳುತ್ತದೆ. ಹೈಸ್ಕೂಲಿನ 'ಸ್ಟಾರ್' ಪರೀಕ್ಷೆಗಳು ಡಿಪ್ಲೊಮಾಗೂ ಬೇಕು. ಫ್ಲಾರಿಡಾದಲ್ಲಿ 3ನೇ ತರಗತಿಯ ಓದಿನ ಪರೀಕ್ಷೆಯ ಅಂಕಕ್ಕೂ 4ನೇ ತರಗತಿಗೆ ಬಡ್ತಿ ಸಿಗುವುದಕ್ಕೂ ನೇರ ಸಂಬಂಧವಿದೆ. ಈ ಎರಡು ರಾಜ್ಯದವರು ಹೊರಗುಳಿಯುವ ಯೋಚನೆ ಬಿಟ್ಟು, ಮುಂದಿನ ಹಂತದಲ್ಲಿ ಹೇಳಿರುವ ಪರೀಕ್ಷಾ ಸೌಲಭ್ಯಗಳನ್ನು ನೋಡಿ.

ಮಸಾಚುಸೆಟ್ಸ್‌ನಲ್ಲಿ 2024ರ ನವೆಂಬರ್ ಮತದಾನದ ನಂತರ 'ಎಂಕ್ಯಾಸ್' ಎಂಬ ರಾಜ್ಯ ಪರೀಕ್ಷೆ ಪಾಸಾಗುವುದು ಪದವಿಗೆ ಕಡ್ಡಾಯವಲ್ಲ, ಪರೀಕ್ಷೆ ಮಾತ್ರ ನಡೆಯುತ್ತಲೇ ಇದೆ.

ನಿಮ್ಮ ರಾಜ್ಯದ ಹೆಸರು ಇಲ್ಲಿ ಬರದಿದ್ದರೆ ಡಿಸ್ಟ್ರಿಕ್ಟನ್ನೇ ಕೇಳಿ. ಟೈಟಲ್ ಒನ್ ಎಂಬ ಕೇಂದ್ರ ನೆರವು ಪಡೆಯುವ ಡಿಸ್ಟ್ರಿಕ್ಟುಗಳು, ಪರೀಕ್ಷೆಯಲ್ಲಿ ಭಾಗವಹಿಸುವ ಕುರಿತ ತಮ್ಮ ನೀತಿಯನ್ನು ಕೇಳಿದ ಪೋಷಕರಿಗೆ ಕೊಡಬೇಕೆಂದು 2015ರ ಕೇಂದ್ರ ಕಾನೂನು ಹೇಳುತ್ತದೆ.

ಹಂತ 3: ಬಿಟ್ಟರೆ ಏನು ತಪ್ಪುತ್ತದೆ ಎಂದು ಲೆಕ್ಕ ಹಾಕಿ

3, 4, 5ನೇ ತರಗತಿಯ ಹೆಚ್ಚಿನ ಮಕ್ಕಳಿಗೆ ಕ್ಯಾಲಿಫೋರ್ನಿಯಾದಲ್ಲಿ ಇದರಿಂದ ಬರುವುದೂ ಕಡಿಮೆ, ಹೋಗುವುದೂ ಕಡಿಮೆ. ಬರೆಯದಿದ್ದರೆ ಫೇಲಾಗುವುದಿಲ್ಲ, ರಿಪೋರ್ಟ್ ಕಾರ್ಡಿನ ಗ್ರೇಡ್ ಬದಲಾಗುವುದಿಲ್ಲ. ಆದರೆ ಕೆಳಗಿನ ಯಾವುದಾದರೂ ನಿಮ್ಮ ಮನೆಗೆ ಅನ್ವಯಿಸಿದರೆ ಪತ್ರ ಬರೆಯುವ ಮುಂಚೆ ನಿಲ್ಲಿ.

ಮಗು ಇಂಗ್ಲಿಷ್ ಲರ್ನರ್ ಪಟ್ಟಿಯಲ್ಲಿದ್ದರೆ: ಅಲ್ಲಿಂದ ಹೊರಬರಲು ನಾಲ್ಕು ಅಂಶ ನೋಡುತ್ತಾರೆ. ಎಲ್‌ಪ್ಯಾಕ್‌ನಲ್ಲಿ ಒಟ್ಟಾರೆ 4ನೇ ಮಟ್ಟ, ಟೀಚರ ಅಭಿಪ್ರಾಯ, ಪೋಷಕರೊಡನೆ ಸಮಾಲೋಚನೆ, ಮತ್ತು ಇಂಗ್ಲಿಷ್ ಮಾತೃಭಾಷೆಯಾದ ಮಕ್ಕಳಿಗೆ ಹೋಲಿಸಿದರೆ ಮೂಲ ಕೌಶಲ ಹೇಗಿದೆ ಎಂಬುದು. ಈ ನಾಲ್ಕನೆಯದಕ್ಕೆ ಎಷ್ಟೋ ಡಿಸ್ಟ್ರಿಕ್ಟುಗಳು ಕ್ಯಾಸ್ಪ್‌ನ ಇಂಗ್ಲಿಷ್ ಅಂಕವನ್ನೇ ಬಳಸುತ್ತವೆ. ಅದನ್ನು ಬಿಡಿಸಿದರೆ ನಿಮ್ಮ ಕೈಯಾರೆ ಒಂದು ಬಾಗಿಲು ಮುಚ್ಚಿದಂತೆ.

ಗಣಿತದಲ್ಲಿ ಮುಂದಿನ ಹಂತಕ್ಕೆ ಹಾಕಿಸಬೇಕೆಂದಿದ್ದರೆ: 9ನೇ ತರಗತಿಯ ಗಣಿತ ನಿಗದಿಪಡಿಸುವಾಗ ಒಂದಕ್ಕಿಂತ ಹೆಚ್ಚು ವಸ್ತುನಿಷ್ಠ ಅಳತೆ ಬಳಸಬೇಕೆಂದು 2015ರ ರಾಜ್ಯ ಕಾನೂನಿದೆ, ರಾಜ್ಯ ಪರೀಕ್ಷೆಯ ಅಂಕ ಅವುಗಳಲ್ಲಿ ಒಂದಾಗಬಹುದು. ಮಿಡ್ಲ್ ಸ್ಕೂಲಿನ ಮುಂದುವರಿದ ಗಣಿತಕ್ಕೆ, ಗಿಫ್ಟೆಡ್ ತರಗತಿಗೆ ಇದೇ ಅಂಕ ನೋಡುವ ಡಿಸ್ಟ್ರಿಕ್ಟುಗಳಿವೆ. ಡಿಸ್ಟ್ರಿಕ್ಟಿನ 'ಮ್ಯಾಥ್ ಪ್ಲೇಸ್‌ಮೆಂಟ್ ಪಾಲಿಸಿ' ಓದಿ.

11ನೇ ತರಗತಿಯಾದರೆ: ಈ ಅಂಕವನ್ನು ಕ್ಯಾಲ್ ಸ್ಟೇಟ್ ವಿಶ್ವವಿದ್ಯಾಲಯಗಳು ಇಂಗ್ಲಿಷ್, ಗಣಿತದ ಸಿದ್ಧತೆ ನೋಡಲು ಬಳಸುತ್ತವೆ. ವಾರಾಂತ್ಯದ 'ಕನ್ನಡ ಕಲಿ' ತರಗತಿಯಲ್ಲಿ ವರ್ಷಗಟ್ಟಲೆ ಕೂತು, ಎರಡು ಭಾಷೆ ಬಲ್ಲವರಿಗೆ ಡಿಪ್ಲೊಮಾದ ಮೇಲೆ ಹಾಕುವ 'ಸೀಲ್ ಆಫ್ ಬೈಲಿಟರಸಿ' ಪಡೆಯಬೇಕೆಂದಿರುವ ಮಕ್ಕಳಿಗೆ, ಇಂಗ್ಲಿಷ್ ಪ್ರೌಢಿಮೆ ತೋರಿಸುವ ದಾರಿಗಳಲ್ಲಿ ಈ ಅಂಕವೂ ಒಂದು. 11ರಲ್ಲಿ ನಿಜವಾದ ತೊಡಕು ಎಪಿ, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ವಿಷಯಗಳ ಪರೀಕ್ಷೆಗಳದ್ದು, ಅವು ಮೇ ತಿಂಗಳ ಮೊದಲ ಎರಡು ವಾರ ಬರುತ್ತವೆ. ಎರಡೂ ಒಟ್ಟಿಗೆ ಬಂದು ಮಗು ಸೋತಿದ್ದರೆ ಎಲ್ಲವನ್ನೂ ಬಿಡಿಸಬೇಕಿಲ್ಲ. ಕಾನೂನು 'ಯಾವುದೇ ಭಾಗ' ಎನ್ನುತ್ತದೆ, ವಿಜ್ಞಾನ ಮಾತ್ರ ಅಥವಾ ಗಣಿತ ಮಾತ್ರ ಬಿಡಿಸಬಹುದು. ಕೊಲರಾಡೊ, ಮಿಷಿಗನ್‌ನಂಥ ಕಡೆ 11ನೇ ತರಗತಿಯ ರಾಜ್ಯ ಪರೀಕ್ಷೆಯೇ ಕಾಲೇಜು ಪ್ರವೇಶಕ್ಕೆ ಬಳಸುವ ಸ್ಯಾಟ್, ಬಿಟ್ಟರೆ ಪುಕ್ಕಟೆ ಸಿಗುವ ಸ್ಯಾಟ್ ಕೈತಪ್ಪುತ್ತದೆ.

ನಿಮ್ಮ ಕಾರಣ ಮಗುವಿನ ಭಯವಾಗಿದ್ದರೆ ಒಂದು ಮಾತು. ಸ್ಮಾರ್ಟರ್ ಬ್ಯಾಲೆನ್ಸ್ಡ್‌ಗೆ ಸಮಯದ ಮಿತಿಯಿಲ್ಲ, ನಡುವೆ ವಿರಾಮ ತೆಗೆದುಕೊಳ್ಳಬಹುದು. ಪ್ರತ್ಯೇಕ ಕೋಣೆಯಲ್ಲಿ ಬರೆಸುವುದು, ಗಣಿತದ ಪ್ರಶ್ನೆಗಳನ್ನು ಕಂಪ್ಯೂಟರಿನಿಂದ ಓದಿಸುವುದು ಮುಂತಾದ ಸೌಲಭ್ಯಗಳಿವೆ. ಇವನ್ನು ಪರೀಕ್ಷೆಗೆ ಮುಂಚೆಯೇ ಶಾಲೆ ದಾಖಲಿಸಬೇಕು, ಆ ದಿನ ಬೆಳಗ್ಗೆ ಕೇಳಿದರೆ ಸಿಗುವುದಿಲ್ಲ. ಅಭ್ಯಾಸದ ಪರೀಕ್ಷೆ ಎಲ್ಲರಿಗೂ ತೆರೆದಿದೆ, ಅತಿಥಿಯಾಗಿ ಒಳಹೋಗಿ ಮಗುವಿನ ಜತೆ ಒಂದು ಸಂಜೆ ಮಾಡಿ ನೋಡಿ. ಎಷ್ಟೋ ಮಕ್ಕಳ ಹೆದರಿಕೆ ಅಲ್ಲಿಗೇ ಇಳಿಯುತ್ತದೆ. ಇಳಿಯದಿದ್ದರೆ, ರಾತ್ರಿ ನಿದ್ದೆಯಿಲ್ಲದೆ ಹೊಟ್ಟೆನೋವೆಂದು ಅಳುವ ಎಂಟು ವರ್ಷದ ಮಗುವಿಗಿಂತ ಯಾವ ಅಂಕವೂ ದೊಡ್ಡದಲ್ಲ. ಹಿಂಜರಿಯದೆ ಪತ್ರ ಬರೆಯಿರಿ.

ವೀಸಾದ ಬಗ್ಗೆ ಕೇಳುವವರು ಬಹಳ. ಎಚ್-1ಬಿ, ಎಚ್-4ರಲ್ಲಿರುವವರಿಗೆ ಈ ಪತ್ರದಿಂದ ಯಾವ ತೊಂದರೆಯೂ ಇಲ್ಲ, ಶಾಲೆಯ ಪರೀಕ್ಷೆಗೂ ವಲಸೆಯ ಸ್ಥಿತಿಗೂ ಸಂಬಂಧವಿಲ್ಲ.

ಹಂತ 4: ಪತ್ರ ಬರೆಯಿರಿ

ಪರೀಕ್ಷೆ ಶುರುವಾಗುವ ಎರಡು ಮೂರು ವಾರ ಮೊದಲು ಕೊಡಿ. ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷೆ ಶುರುವಾದ ಮೇಲೂ ಪತ್ರ ಕೊಡಬಹುದು, ಆದರೆ ಅಷ್ಟರೊಳಗೆ ಮಗು ಮುಗಿಸಿದ ಪರೀಕ್ಷೆಗಳಿಗೆ ಅಂಕ ಹಾಕಿ ದಾಖಲೆಗೆ ಸೇರಿಸುತ್ತಾರೆ. ಬರೆದದ್ದನ್ನು ವಾಪಸ್ ತೆಗೆಯಲಾಗುವುದಿಲ್ಲ.

ಕೆಳಗಿನದನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿ. ಇದಕ್ಕಿಂತ ಉದ್ದ ಬೇಡ.

"ದಿನಾಂಕ.
ಪ್ರಿನ್ಸಿಪಾಲರಿಗೆ. ಪ್ರತಿ: ತರಗತಿಯ ಟೀಚರ್, ಶಾಲೆಯ ಟೆಸ್ಟ್ ಕೋಆರ್ಡಿನೇಟರ್.
ವಿಷಯ: ಕ್ಯಾಸ್ಪ್ ಪರೀಕ್ಷೆಯಿಂದ ವಿನಾಯಿತಿ.
ನನ್ನ ಮಗಳು (ಶಾಲೆಯ ದಾಖಲೆಯಲ್ಲಿರುವ ಪೂರ್ಣ ಹೆಸರು, ಹುಟ್ಟಿದ ದಿನಾಂಕ) ನಿಮ್ಮ ಶಾಲೆಯ 5ನೇ ತರಗತಿಯಲ್ಲಿದ್ದಾಳೆ. ಕ್ಯಾಲಿಫೋರ್ನಿಯಾ ಎಜುಕೇಶನ್ ಕೋಡ್ ಸೆಕ್ಷನ್ 60615ರ ಪ್ರಕಾರ ಈ ಶಾಲಾ ವರ್ಷದ ಈ ಪರೀಕ್ಷೆಗಳಿಂದ ಅವಳನ್ನು ಬಿಡಬೇಕೆಂದು ಕೋರುತ್ತೇನೆ: ಸ್ಮಾರ್ಟರ್ ಬ್ಯಾಲೆನ್ಸ್ಡ್ ಇಂಗ್ಲಿಷ್, ಸ್ಮಾರ್ಟರ್ ಬ್ಯಾಲೆನ್ಸ್ಡ್ ಗಣಿತ, ಕ್ಯಾಸ್ಟ್ ವಿಜ್ಞಾನ. ಮೇಕಪ್ ದಿನಗಳಿಗೂ ಇದು ಅನ್ವಯಿಸುತ್ತದೆ.
ಆ ದಿನಗಳಲ್ಲಿ ಅವಳು ಶಾಲೆಗೆ ಬರುತ್ತಾಳೆ. ಪರೀಕ್ಷೆಯ ಹೊತ್ತಿನಲ್ಲಿ ಓದಲು ಪುಸ್ತಕ ತರುತ್ತಾಳೆ, ಕುಳಿತುಕೊಳ್ಳುವ ಜಾಗವನ್ನು ದಯವಿಟ್ಟು ತಿಳಿಸಿ.
ಈ ಪತ್ರ ತಲುಪಿದ್ದನ್ನು ಮೇಲ್ ಮೂಲಕ ಖಚಿತಪಡಿಸಿ.
ಪೋಷಕರ ಹೆಸರು, ಸಹಿ, ಫೋನ್."

ಇದರಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಹೀಗಿವೆ. ಹಾಜರಿ ಹೊತ್ತಿನಲ್ಲಿ ಟೀಚರಿಗೆ ಬಾಯಿಮಾತಲ್ಲಿ ಹೇಳಿ ಬರುವುದು, ಅದಕ್ಕೆ ಬೆಲೆಯಿಲ್ಲ. ಮೇಕಪ್ ಎಂಬ ಮಾತನ್ನು ಬಿಡುವುದು. ಅಣ್ಣ ತಂಗಿ ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುವುದು, ಒಂದು ಕಡತಕ್ಕೆ ಹೋಗಿ ಇನ್ನೊಂದಕ್ಕೆ ಹೋಗುವುದಿಲ್ಲ. ಮನೆಯಲ್ಲಿ ಕರೆಯುವ ಹೆಸರು ಹಾಕುವುದು, ಅಥವಾ ಪಾಸ್‌ಪೋರ್ಟಿನಲ್ಲಿ ಊರ ಹೆಸರು, ಅಪ್ಪನ ಹೆಸರು ಹಿಂದುಮುಂದಾಗಿರುವ ನಮ್ಮ ಮಕ್ಕಳ ವಿಷಯದಲ್ಲಿ ಶಾಲೆಯ ದಾಖಲೆಗೆ ಹೊಂದದ ಹೆಸರು ಬರೆಯುವುದು. ಅಜ್ಜಿ ತಾತ ಸಹಿ ಮಾಡಿದ್ದು ನಡೆಯುವುದಿಲ್ಲ, ಅಪ್ಪ, ಅಮ್ಮ ಅಥವಾ ಕಾನೂನುಬದ್ಧ ಪಾಲಕರೇ ಮಾಡಬೇಕು. ಕೊನೆಯದು, ಹೋದ ವರ್ಷ ಕೊಟ್ಟಿದ್ದೇವಲ್ಲ ಎಂದು ಸುಮ್ಮನಿರುವುದು. ಪ್ರತಿ ವರ್ಷ ಹೊಸದಾಗಿ ಕೊಡಬೇಕು.

ಬೇರೆ ರಾಜ್ಯದವರು 60615ರ ವಾಕ್ಯ ತೆಗೆದು ನಿಮ್ಮ ರಾಜ್ಯದ ಕಾನೂನು ಅಥವಾ ಫಾರ್ಮ್ ಹೆಸರು ಹಾಕಿ. ಕಾನೂನಿಲ್ಲದ ಕಡೆ "ನಾವು ಈ ಪರೀಕ್ಷೆಯನ್ನು ನಿರಾಕರಿಸುತ್ತೇವೆ" ಎಂದಷ್ಟೇ ಬರೆಯಿರಿ, ಇಲ್ಲದ ಹಕ್ಕನ್ನು ಇದೆಯೆಂದು ಬರೆಯಬೇಡಿ.

ಹಂತ 5: ಶಾಲೆಯಿಂದ ಫೋನ್ ಬಂದಾಗ

ಬರಬಹುದು. ಪ್ರಿನ್ಸಿಪಾಲರ ಚಿಂತೆ ಸುಳ್ಳಲ್ಲ. ಹೊರಗುಳಿದ ಮಕ್ಕಳು ಶೇ. 95ರ ಲೆಕ್ಕದಿಂದ ಹೊರಗೆ ಹೋಗುವುದಿಲ್ಲ. ಒಂದು ಶಾಲೆಯ ಭಾಗವಹಿಸುವಿಕೆ 95ಕ್ಕಿಂತ ಇಳಿದರೆ, 95 ತಲುಪುವಷ್ಟು ಮಕ್ಕಳಿಗೆ ಪರೀಕ್ಷೆಯ ಅತಿ ಕಡಿಮೆ ಅಂಕವನ್ನು ಹಾಕಿ ಕ್ಯಾಲಿಫೋರ್ನಿಯಾ ಶಾಲೆಯ ಸರಾಸರಿ ಕಟ್ಟುತ್ತದೆ. ಚೆನ್ನಾಗಿ ಬರೆಯುವ ನಿಮ್ಮ ಮಗು ಬಿಟ್ಟರೆ ಶಾಲೆಗೆ ಎರಡು ಕಡೆಯಿಂದ ಹೊಡೆತ. ಇದನ್ನು ತಿಳಿದೇ ನಿರ್ಧರಿಸಿ.

ನಿರ್ಧರಿಸಿದ ಮೇಲೆ ವಾದ ಬೇಡ. "ನಿಮ್ಮ ಮಾತು ಅರ್ಥವಾಯಿತು, ನಾವು ಯೋಚಿಸಿಯೇ ಬರೆದಿದ್ದೇವೆ, ನಮ್ಮ ಕೋರಿಕೆ ಹಾಗೇ ಇದೆ" ಎಂದರೆ ಸಾಕು. ಬಂದು ಮಾತಾಡಿ ಎಂದು ಕರೆಯಬಹುದು. ಹೋಗುವುದು ಬಿಡುವುದು ನಿಮ್ಮಿಷ್ಟ, ಹೋಗದಿದ್ದರೂ ಕ್ಯಾಲಿಫೋರ್ನಿಯಾದಲ್ಲಿ ಪತ್ರದ ಬೆಲೆ ಕಡಿಮೆಯಾಗುವುದಿಲ್ಲ. ಫೋನಿನಲ್ಲಿ ಆದ ಮಾತನ್ನು ಅದೇ ದಿನ ಎರಡು ಸಾಲಿನ ಮೇಲ್ ಮಾಡಿ ಕಳಿಸಿ.

ಹಂತ 6: ಮಗುವಿಗೆ ಹೇಳಿಕೊಡಿ

ಪತ್ರ ಕಚೇರಿಯಲ್ಲಿ ಉಳಿದು, ಆ ಬೆಳಗ್ಗೆ ಬದಲಿ ಟೀಚರ್ ಬಂದು, ಎಲ್ಲರ ಮುಂದೆ ಲ್ಯಾಪ್‌ಟಾಪ್ ಇಟ್ಟುಬಿಡುವುದುಂಟು. ಪರದೆಯ ಮೇಲೆ ಮಗುವಿನ ಮೊದಲ ಹೆಸರು, 10 ಅಂಕೆಯ ವಿದ್ಯಾರ್ಥಿ ಸಂಖ್ಯೆ, ಬೋರ್ಡಿನ ಮೇಲೆ ಬರೆದ ಸೆಷನ್ ಐಡಿ ಕೇಳುತ್ತದೆ. ಮಕ್ಕಳು ಹೇಳಿದ್ದು ಮಾಡುವವರು, ಟೈಪ್ ಮಾಡಿ ಒಳಹೋಗುತ್ತಾರೆ. ಆದ್ದರಿಂದ ಒಂದೇ ವಾಕ್ಯ ಕಲಿಸಿ: "ನಮ್ಮ ಅಪ್ಪ ಅಮ್ಮ ಪತ್ರ ಕೊಟ್ಟಿದ್ದಾರೆ, ದಯವಿಟ್ಟು ಆಫೀಸಿನಲ್ಲಿ ಕೇಳಿ." ಸೆಷನ್ ಐಡಿ ಟೈಪ್ ಮಾಡುವ ಮುಂಚೆ ಇದನ್ನು ಹೇಳಬೇಕು. ಪತ್ರದ ಒಂದು ಪ್ರತಿಯನ್ನು ಬ್ಯಾಗಿನ ಮುಂದಿನ ಜೇಬಿನಲ್ಲಿಡಿ.

ಅದಕ್ಕೂ ಮೀರಿ ಒತ್ತಾಯ ಬಂದರೆ ಮಗು ಜಗಳಕ್ಕೆ ನಿಲ್ಲಬೇಕಿಲ್ಲ, ಬರೆದುಬಿಡಲಿ. ದೊಡ್ಡವರ ಕಾಗದದ ವ್ಯವಹಾರವನ್ನು ಎಂಟು ಹತ್ತು ವರ್ಷದ ಮಗುವಿನ ಹೆಗಲಿಗೆ ಹಾಕುವುದು ನ್ಯಾಯವಲ್ಲ. ಇದನ್ನು ಮಗುವಿಗೆ ಮೊದಲೇ ಹೇಳಿಡಿ, ತಪ್ಪು ಮಾಡಿದೆನೆಂಬ ಭಾವನೆ ಬರದಿರಲಿ. ಇಲಿನಾಯ್‌ನಲ್ಲಿ ಪೋಷಕರ ಪತ್ರ ನಡೆಯುವುದಿಲ್ಲ, ಪರೀಕ್ಷೆ ಮುಂದೆ ಬಂದಾಗ ಮಗುವೇ ಬೇಡ ಎನ್ನಬೇಕು. ಆದ್ದರಿಂದ ಚಿಕ್ಕ ತರಗತಿಯವರಿಗೆ ಅಲ್ಲಿ ಇದನ್ನು ಸೂಚಿಸುವುದಿಲ್ಲ.

ಹಂತ 7: ಪರೀಕ್ಷೆಯ ವಾರ ಶಾಲೆಯಲ್ಲೋ ಮನೆಯಲ್ಲೋ

ಪತ್ರ ಕೊಟ್ಟಿದ್ದರೆ ಶಾಲೆಗೆ ಕಳಿಸುವುದೇ ಒಳ್ಳೆಯದು. ಹಾಜರಿ ಸಿಗುತ್ತದೆ, ಪರೀಕ್ಷೆಯ ಒಂದೆರಡು ಗಂಟೆ ಬಿಟ್ಟು ಉಳಿದ ಪಾಠ ತಪ್ಪುವುದಿಲ್ಲ. ಮಗುವನ್ನು ಲೈಬ್ರರಿಯಲ್ಲೋ ಇನ್ನೊಂದು ತರಗತಿಯಲ್ಲೋ ಕೂರಿಸುತ್ತಾರೆ. ಐಪ್ಯಾಡ್, ಫೋನ್, ಸ್ಮಾರ್ಟ್ ವಾಚ್ ಕಳಿಸಬೇಡಿ, ಪರೀಕ್ಷೆ ನಡೆಯುವ ಜಾಗದಲ್ಲಿ ಅವು ದೊಡ್ಡ ರಗಳೆಗೆ ಕಾರಣವಾಗುತ್ತವೆ. ದಪ್ಪನೆಯ ಕಥೆಪುಸ್ತಕ ಒಂದಕ್ಕಿಂತ ಎರಡು ಕಳಿಸಿ, ವೇಗವಾಗಿ ಓದುವ ಮಕ್ಕಳಿಗೆ ಒಂದು ಸಾಲುವುದಿಲ್ಲ.

ಮನೆಯಲ್ಲೇ ಇಟ್ಟುಕೊಳ್ಳುತ್ತೇವೆ ಎನ್ನುವವರು ಹಾಜರಿಯ ನಿಯಮ ಓದಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 'ಪರೀಕ್ಷೆ ಬೇಡ' ಎಂಬುದು ಒಪ್ಪಿತ ರಜೆಯ ಕಾರಣಗಳಲ್ಲಿಲ್ಲ. ಸಕಾರಣವಿಲ್ಲದೆ ವರ್ಷಕ್ಕೆ ಮೂರು ಪೂರ್ಣ ದಿನ ಗೈರಾದರೆ ಮಗುವನ್ನು 'ಟ್ರೂಅಂಟ್', ಅಂದರೆ ಶಾಲೆ ತಪ್ಪಿಸುವ ಮಗು ಎಂದು ಗುರುತಿಸಿ ನೋಟಿಸ್ ಕಳಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಹತ್ತೂವರೆಗೆ ಬಿಟ್ಟು ಬರುತ್ತೇವೆ ಎಂಬ ಉಪಾಯವೂ ಅಲ್ಲಿಗೇ ಬರುತ್ತದೆ: 30 ನಿಮಿಷಕ್ಕಿಂತ ಹೆಚ್ಚು ತಡವಾಗಿ ಹೋದದ್ದು ಮೂರು ಸಲವಾದರೆ ಅದೇ ನೋಟಿಸ್. ಪರೀಕ್ಷೆಯ ಬೆಳಗುಗಳೇ ನಾಲ್ಕೈದು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಡಿಸೆಂಬರ್‌ನಲ್ಲಿ ಊರಿಗೆ ಹೋಗಿ ಬಂದು ಆಗಲೇ ಹತ್ತು ಹನ್ನೆರಡು ದಿನ ಕಳೆದಿದ್ದರಂತೂ ಇನ್ನೂ ಜೋಕೆ. ಕಾರಣ ಇರಲಿ ಇಲ್ಲದಿರಲಿ, ಶಾಲಾ ದಿನಗಳ ಶೇ. 10ರಷ್ಟು, ಅಂದರೆ 180ರಲ್ಲಿ 18 ದಿನ ತಪ್ಪಿದರೆ ಮಗು 'ಕ್ರಾನಿಕ್ ಆಬ್ಸೆಂಟ್' ಪಟ್ಟಿಗೆ ಸೇರುತ್ತದೆ.

ಜ್ವರ ಎಂದು ಸುಳ್ಳು ಹೇಳಿ ಫೋನ್ ಮಾಡಬೇಡಿ. ಮಗು ಕೇಳಿಸಿಕೊಳ್ಳುತ್ತಿರುತ್ತದೆ, ಮೇಲಾಗಿ ಜ್ವರ ಬಿಟ್ಟು ಬಂದ ಮಗುವಿಗೆ ಮೇಕಪ್ ಪರೀಕ್ಷೆ ಖಂಡಿತ.

ಹಂತ 8: ವಾರ ಮುಗಿದ ಮೇಲೆ

ಶುಕ್ರವಾರ ಸಂಜೆ ಪೇರೆಂಟ್ ಪೋರ್ಟಲ್ ತೆರೆದು ಹಾಜರಿ ನೋಡಿ. ಶಾಲೆಯಲ್ಲೇ ಇದ್ದ ಮಗುವಿಗೆ ಗೈರು ಬಿದ್ದಿದ್ದರೆ ಅದೇ ವಾರ ಬರೆದು ತಿದ್ದಿಸಿ, ಜೂನ್‌ನಲ್ಲಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಮೇಕಪ್ ದಿನಗಳ ಹಿಂದಿನ ಸಂಜೆ ಟೀಚರಿಗೆ ಒಂದು ಸಾಲಿನ ಮೇಲ್ ಹಾಕಿ, ಪತ್ರದ ಪ್ರತಿ ಲಗತ್ತಿಸಿ. ಬಿಡಿಸಿದ ವಿಷಯಕ್ಕೆ ಅಂಕಪಟ್ಟಿ ಬರಬಾರದು, ಬಂದರೆ ಶಾಲೆಯ ಟೆಸ್ಟ್ ಕೋಆರ್ಡಿನೇಟರನ್ನು ಕೇಳಿ. ಪತ್ರ, ಶಾಲೆಯ ಉತ್ತರ ಎರಡನ್ನೂ ಮಗುವಿನ ಹೆಸರಿನ ಫೋಲ್ಡರಿನಲ್ಲಿಡಿ, ಮುಂದಿನ ಜನವರಿಯ ಮೊದಲ ವಾರಕ್ಕೆ ಫೋನಿನಲ್ಲಿ ರಿಮೈಂಡರ್ ಹಾಕಿ.